ಹಿತ್ತಿಲ ಕೋಳಿಗಳಿಗೆ ಹದ್ದು, ಗಿಡುಗಗಳಿಂದ ರಕ್ಷಣೆ

ಹಿತ್ತಿಲಲ್ಲಿ ಕೋಳಿ ಸಾಕುವುದು ಗ್ರಾಮೀಣ ಕುಟುಂಬಗಳಲ್ಲಿ ಹೆಚ್ಚಾಗಿ ಮಹಿಳೆಯರೇ ನಡೆಸುವ ಉಪಕಸುಬು. ಅದು ಮನೆಗೆ ಪೌಷ್ಟಿಕ ಆಹಾರವನ್ನೂ ಅಡಚಣೆಯ ಕಾಲದಲ್ಲಿ ಕೈಗೆ ಹಣವನ್ನೂ ಒದಗಿಸುತ್ತದೆ. ಹೇಂಟೆಯೊಂದರ ಮರಿಗಳಲ್ಲಿ ಅರ್ಧದಷ್ಟನ್ನು ಹದ್ದು ಒಯ್ದರೆ ಈ ಆದಾಯವೇ ಕೈತಪ್ಪುತ್ತದೆ. ಇದನ್ನು ತಡೆಯಲು ದುಬಾರಿ ಸಾಧನಗಳು ಬೇಕಾಗಿಲ್ಲ.

ಅಪಾಯದ ಕಾಲ

ಕವಲುಬಾಲದ ಹದ್ದು ಮುಖ್ಯವಾಗಿ ಸತ್ತ ಪ್ರಾಣಿ, ಮಾಂಸದ ಚೂರುಗಳನ್ನು ತಿಂದು ಬದುಕುತ್ತದೆ. ಕಾವಲಿಲ್ಲದ ಮರಿ ಕಂಡರೆ ಎರಗುತ್ತದೆ. ಪಾರಿವಾಳದ ಗಾತ್ರದ ಗಿಡುಗವು ಮರದಲ್ಲಿ ಮರೆಯಾಗಿ ಕುಳಿತು ಹಠಾತ್ತನೆ ನುಗ್ಗುತ್ತದೆ. ಬೆಳೆದ ಕೋಳಿಯನ್ನು ಹೊತ್ತೊಯ್ಯುವುದು ಇವೆರಡಕ್ಕೂ ಕಷ್ಟ. ಆದ್ದರಿಂದ ಮೊದಲ ಆರೆಂಟು ವಾರಗಳ ರಕ್ಷಣೆಯೇ ಮುಖ್ಯ.

ಕೈಗೊಳ್ಳಬೇಕಾದ ಕ್ರಮಗಳು

1. ಎಳೆಯ ಮರಿಗಳನ್ನು ತಾಯಿಯೊಡನೆ ಬಿದಿರಿನ ಮಂಕರಿಯ ಕೆಳಗೆ ಅಥವಾ ಮೇಲ್ಭಾಗ ಮುಚ್ಚಿದ ಆವರಣದಲ್ಲಿ ಇಡಬೇಕು. ಮೇಲೆ ಕಟ್ಟುವ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟತಕ್ಕದ್ದು; ಸಡಿಲ ಬಲೆಗೆ ಹಕ್ಕಿಗಳು ಸಿಕ್ಕಿಕೊಳ್ಳುತ್ತವೆ.

2. ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಹೈದರಾಬಾದಿನಲ್ಲಿ ಅಭಿವೃದ್ಧಿಪಡಿಸಿದ ವನರಾಜ ತಳಿಗಳ ಬಣ್ಣದ ಗರಿಗಳು ಬಿಳಿ ಗರಿಗಳಂತೆ ದೂರದಿಂದ ಎದ್ದು ಕಾಣುವುದಿಲ್ಲ. ಆದರೆ ಕೇಂದ್ರಗಳಿಂದ ಕೊಂಡ ಮರಿಗಳಿಗೆ ಎಚ್ಚರಿಸುವ ತಾಯಿ ಇರುವುದಿಲ್ಲ. ಸುಮಾರು ಆರು ವಾರ ಅವನ್ನು ಒಳಗೇ ಬೆಳೆಸಿ ಅನಂತರ ಹೊರಗೆ ಬಿಡುವುದು ಕ್ಷೇಮ.

3. ಬಯಲಿನಲ್ಲಿ ಅಲ್ಲಲ್ಲಿ ತೆಂಗಿನ ಸೋಗೆಯ ಗಿಡ್ಡ ಚಪ್ಪರ ಹಾಕಿದರೆ ಮರಿಗಳು ಓಡಿ ಅಡಗಲು ಅನುಕೂಲ. ಬೆದರುಬೊಂಬೆಯ ಸ್ಥಳವನ್ನು ಆಗಾಗ ಬದಲಿಸದಿದ್ದರೆ ಹಕ್ಕಿಗಳು ಅದಕ್ಕೆ ಒಗ್ಗಿಬಿಡುತ್ತವೆ.

4. ಸಂಜೆ ಎಲ್ಲ ಕೋಳಿಗಳನ್ನೂ ಗೂಡಿಗೆ ಸೇರಿಸಿ ಬಾಗಿಲು ಭದ್ರಪಡಿಸಬೇಕು. ರಾತ್ರಿ ಗೂಬೆ, ಕಾಡುಬೆಕ್ಕುಗಳ ಭಯವಿರುತ್ತದೆ.

ಸ್ವಚ್ಛತೆಯ ಮಹತ್ವ

ಕೋಳಿಯ ಕರುಳು, ಪುಕ್ಕ, ಸತ್ತ ಮರಿಗಳನ್ನು ಬಯಲಿಗೆ ಎಸೆಯುವುದೆಂದರೆ ಹದ್ದನ್ನು ಹಿತ್ತಿಲಿಗೆ ಕರೆದಂತೆ. ಅವನ್ನು ಆಳವಾಗಿ ಹೂಳಬೇಕು. ನಾಸಿಕ್ ಬಳಿಯ ಓಝರ್‌ನಂತಹ ವಿಮಾನ ನಿಲ್ದಾಣಗಳ ಸುತ್ತಲಿನ ಊರುಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ತ್ಯಾಜ್ಯಕ್ಕೆ ಬರುವ ಹದ್ದುಗಳು ಹಾರುವ ವಿಮಾನಕ್ಕೆ ಬಡಿದರೆ ಪ್ರಾಣಾಪಾಯವೇ ಸಂಭವಿಸಬಹುದು. ಈ ಕಾರಣದಿಂದಲೇ 2023ರ ವೈಮಾನಿಕ ಪ್ರದರ್ಶನದ ಸಂದರ್ಭದಲ್ಲಿ ಬೆಂಗಳೂರಿನ ಯಲಹಂಕ ವಾಯುನೆಲೆಯ 10 ಕಿಲೋಮೀಟರ್ ಸುತ್ತ ಮಾಂಸ ಮಾರಾಟವನ್ನು ನಿಷೇಧಿಸಲಾಗಿತ್ತು.

ಕೊಲ್ಲುವುದು ಪರಿಹಾರವಲ್ಲ

ಹದ್ದು, ಗಿಡುಗಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅವನ್ನು ಹೊಡೆಯುವುದು, ಅವಕ್ಕೆ ವಿಷವಿಡುವುದು ಶಿಕ್ಷಾರ್ಹ ಅಪರಾಧ. ವಿಷ ಬೆರೆಸಿದ ಮಾಂಸವು ನಾಯಿ, ಕಾಗೆಗಳನ್ನೂ ಅಳಿವಿನ ಅಂಚಿನಲ್ಲಿರುವ ರಣಹದ್ದುಗಳನ್ನೂ ಕೊಲ್ಲುತ್ತದೆ. ಇಲಿ, ಹೆಗ್ಗಣಗಳನ್ನು ಹಿಡಿದು, ಸತ್ತ ಪ್ರಾಣಿಗಳನ್ನು ತಿಂದು ಊರನ್ನು ಶುಚಿಯಾಗಿಡುವ ಈ ಹಕ್ಕಿಗಳು ರೈತನ ಮಿತ್ರರೂ ಹೌದು. ಒಂದು ಹದ್ದನ್ನು ಕೊಂದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಮಂಕರಿಯಾದರೋ ಪ್ರತಿ ಬಾರಿಯ ಮರಿಗಳನ್ನೂ ಕಾಯುತ್ತದೆ.