ಹರಿಗೋಲಿನ ಅಂಚು, ಹಾಯಿದೋಣಿಯ ಲೆಕ್ಕ

ನಂಜನಗೂಡು ದಾಟಿ ಬರುವ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಈ ನೀರಿಗೆ ಹರಿಗೋಲು ಹೊಸದಲ್ಲ. ಬಿದಿರಿನ ಹೆಣಿಗೆ, ಹೊರಗೆ ನೀರಿಳಿಯದ ಹೊದಿಕೆ, ಅಷ್ಟೇ. ದಡ ಸೇರಿದ ಮೇಲೆ ಮಗುಚಿ ತಲೆ ಮೇಲೆ ಹೊತ್ತು ನಡೆಯಬಹುದು, ಟ್ರೇಲರ್ ಕೂಡ ಬೇಡ! ಹೊಸಬರಿಗೆ, ಮನೆಮಂದಿಗೆ ಪುಟ್ಟ ಹಾಯಿದೋಣಿ ಡಿಸೈನ್ ಮಾಡೋಕೆ ಮೊದಲ ಪಾಠ ಇದರಲ್ಲೇ ಇದೆ.

ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾವೆಲ್ಲ ಓದಿದ ಸೂತ್ರ: ಬಿಎಂ = ಐ/ವಿ. ಐ ಅಂದರೆ ನೀರಿನ ಮಟ್ಟದಲ್ಲಿ ದೋಣಿಯ ಆಕಾರದ ಸೆಕೆಂಡ್ ಮೊಮೆಂಟ್, ವಿ ಅಂದರೆ ದೋಣಿ ಪಕ್ಕಕ್ಕೆ ಸರಿಸಿದ ನೀರು. ಅಗಲ ಹೆಚ್ಚಿದಷ್ಟೂ ಐ ಭರ್ರನೆ ಏರುತ್ತದೆ.

ಲೆಕ್ಕಕ್ಕೆ ಒಂದು ಹರಿಗೋಲು ಹಿಡಿಯೋಣ: ವ್ಯಾಸ 2 ಮೀಟರ್, ಆಳ 40 ಸೆಂ.ಮೀ., ಗೋಡೆ ನೆಟ್ಟಗೆ, ಗುರುತ್ವಕೇಂದ್ರ ತಳದಿಂದ 60 ಸೆಂ.ಮೀ. ಎತ್ತರ.

ಒಟ್ಟು ತೂಕ 300 ಕೆ.ಜಿ. ಇದ್ದರೆ: ಮುಳುಗುವುದು ಸುಮಾರು 10 ಸೆಂ.ಮೀ., ಬಿಎಂ 2.6 ಮೀಟರ್. 17 ಡಿಗ್ರಿ ವಾಲುವವರೆಗೆ ಅಂಚಿಗೆ ನೀರು ತಾಗದು.

600 ಕೆ.ಜಿ. ಆದರೆ: ಮುಳುಗುವುದು 19 ಸೆಂ.ಮೀ., ಬಿಎಂ 1.3 ಮೀಟರ್. 12 ಡಿಗ್ರಿಗೇ ಅಂಚು ನೀರಿಗೆ.

ಈಗ 60 ಕೆ.ಜಿ.ಯ ಮೂವರು ಸೆಲ್ಫಿಗಾಗಿ ನಡುವಿನಿಂದ 80 ಸೆಂ.ಮೀ. ಒಂದೇ ಬದಿಗೆ ಸರಿದರು ಅನ್ನಿ. ಬರೀ ಸೂತ್ರದ ಲೆಕ್ಕದಲ್ಲಿ ಮೊದಲನೆಯದು 13 ಡಿಗ್ರಿ ವಾಲಬೇಕು, ಆದರೆ ಅಷ್ಟು ವಾಲಿದಾಗ ತಳದ ಒಂದು ಬದಿ ನೀರಿನಿಂದ ಮೇಲೇಳುವುದರಿಂದ ಅದು ಅಲ್ಲೇ ನಿಲ್ಲುತ್ತದೆ ಅನ್ನಲಾಗದು. ಎರಡನೆಯದು ಸುಮಾರು 17ಕ್ಕೆ ಹೋಗಬೇಕು, ಅಷ್ಟರೊಳಗೆ ನೀರು ಒಳಗೆ ನುಗ್ಗಿರುತ್ತದೆ. ಸೂತ್ರದ ಪ್ರಕಾರ ಎರಡೂ 'ಸ್ಥಿರ'ವೇ. ಜೀವ ಉಳಿಸೋದು ಮಾತ್ರ ಅಂಚಿನ ಎತ್ತರ.

ಹರಿಗೋಲಿಗೇ ಹಾಯಿ ಕಟ್ಟಿದರಾಗದೇ? ಆಗದು. ದುಂಡಗಿರುವುದರಿಂದ ಗಾಳಿಗೆ ಗಿರಗಿರ ತಿರುಗುತ್ತದೆ, ಅಡ್ಡಕ್ಕೂ ಜಾರುತ್ತದೆ. ಅದಕ್ಕೇ ಹಾಯಿದೋಣಿಗೆ ಉದ್ದನೆಯ ಒಡಲು, ನೀರಿಗಿಳಿಯುವ ಡ್ಯಾಗರ್‌ಬೋರ್ಡ್ ಬೇಕು. ಮರಳು ತಾಗುವ ಕಡೆ ಅದನ್ನು ಮೇಲೆತ್ತುವಂತಿರಬೇಕು.

ಇಂಥದ್ದಕ್ಕೆ ಒಳ್ಳೆಯ ಮಾದರಿ 1962ರ ಬ್ರಿಟನ್ನಿನ 'ಮಿರರ್' ದೋಣಿ. ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಇದನ್ನು ಮನೆಯಲ್ಲೇ ಕಟ್ಟಿಕೊಳ್ಳುವಂತೆ ರೂಪಿಸಿದರು. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಫೈಬರ್‌ಗ್ಲಾಸ್ ಪಟ್ಟಿ ಅಂಟಿಸುವುದು. ಉದ್ದ ಸುಮಾರು 3.3 ಮೀಟರ್, ಒಡಲಿನ ತೂಕ ಸುಮಾರು 45 ಕೆ.ಜಿ. ಇಬ್ಬರು ಎತ್ತಿ ಟ್ರೇಲರ್‌ಗೆ ಇಡಬಹುದು. ಒಳಗೇ ಗಾಳಿ ತುಂಬಿದ ಮುಚ್ಚಿದ ಕೋಣೆಗಳಿರುವುದರಿಂದ ಮಗುಚಿದರೂ ಮುಳುಗದು.

ನಮ್ಮ ಡಿಸೈನ್‌ಗೂ ಇವೇ ಷರತ್ತು: ಅಗಲ ಸಾಕಷ್ಟು, ಅಂಚು ಎತ್ತರ, ಗಾಳಿಕೋಣೆ ಕಡ್ಡಾಯ. ಕಲಿಕೆ ನಿಂತ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು. ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಹೊಳೆಗೆ ಇಳಿಯಲೇಬೇಡಿ.

ಕೊನೆಗೊಂದು ಹೋಂವರ್ಕ್: ಮೇಲಿನ ಹರಿಗೋಲಿಗೆ 450 ಕೆ.ಜಿ. ಹಾಕಿ, ಅದೇ ಮೂವರನ್ನು ಸರಿಸಿ ನೋಡಿ. ಅಂಚು ಉಳಿಯುತ್ತದೆಯೇ? ಬಂದ ಉತ್ತರದಿಂದ 'ಇಷ್ಟೇ ಜನ' ಅನ್ನುವ ಮಿತಿ ಹಾಕಿ, ದೋಣಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ.