ಕುಂಬಾರ ಕನ್ಯೆಯನ್ನು ದೆವ್ವ ಮಾಡಬೇಡಿ

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕಾಲೇಜು ಹುಡುಗ ಹುಡುಗಿಯರ ಕಥೆಗಳನ್ನು ಓದಿ ತಿದ್ದುವ ಕೆಲಸ ನನ್ನದು. ಈಚೆಗೆ ಅವರಿಗೆ ಹಿಡಿಸಿರುವುದು ‘ಡಾರ್ಕ್ ಅಕಾಡೆಮಿಯಾ’: ಹಳೇ ವಿಶ್ವವಿದ್ಯಾಲಯ, ಕತ್ತಲ ಗ್ರಂಥಾಲಯ, ಮುಚ್ಚಿಟ್ಟ ಪಾಪ, ನಡುವೆ ಒಂದಿಷ್ಟು ಜನಪದ. ಆವಾ ರೀಡ್ ಅವರ ‘ಎ ಸ್ಟಡಿ ಇನ್ ಡ್ರೌನಿಂಗ್’ (2023) ಕಾದಂಬರಿಯನ್ನು ಅವರ ಜೊತೆ ಕೂತು ಓದಿದೆ. ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

1. ನಂಬಿಕೆ ಕೈಗೆ ಸಿಗುವಂತಿರಬೇಕು. ಆ ಕಾದಂಬರಿಯಲ್ಲಿ ನಾಯಕಿಯನ್ನು ಕಾಡುವ ಯಕ್ಷರಾಜನನ್ನು (ಫೇರಿ ಕಿಂಗ್) ದೂರವಿಡಲು ಕಬ್ಬಿಣ ಬೇಕು, ರೋವನ್ ಹಣ್ಣು ಬೇಕು. ಹೀಗಾಗಿ ಅವನು ನಿಜವೆನಿಸುತ್ತಾನೆ. ಇದು ಪುಸ್ತಕದ ದೊಡ್ಡ ಬಲ.

2. ಕಥೆಯ ಒಳಜಗಳವನ್ನು ಬಿಟ್ಟುಕೊಡಬಾರದು. ನಮ್ಮ ಕಡೆಯ ಕಥೆಯನ್ನೇ ನೋಡಿ: ಸೊಲ್ಲಾಪುರದ ಶರಣ ಸಿದ್ಧರಾಮನನ್ನೇ ಮದುವೆಯಾಗುವೆನೆಂದು ಕುಂಬಾರ ಕನ್ಯೆ ಹಟ ಹಿಡಿದಳು. ಯೋಗಿಯಾದ ಅವನು ತನ್ನ ಯೋಗದಂಡವನ್ನು ವರಿಸು ಎಂದ. ಆ ಮದುವೆಯನ್ನು ನೆನೆಯುವ ಸೊಲ್ಲಾಪುರದ ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಕೋಲುಗಳು ಸಮ್ಮತಿ ಕಟ್ಟೆಗೆ ಬರುತ್ತವೆ, ಸಮ್ಮತಿ ಓದುತ್ತಾರೆ, ನೆರೆದ ಊರೆಲ್ಲ ಅಕ್ಷತೆ ಹಾಕುತ್ತದೆ. ಆಮೇಲೆ ಹೋಮದ ಮೈದಾನದಲ್ಲಿ ಸಜ್ಜೆ ದಂಟಿನ ಸಿವುಡನ್ನೇ ಆ ಕನ್ಯೆಯೆಂದು ಬಗೆದು ಅದಕ್ಕೆ ಸೀರೆ ಉಡಿಸಿ, ಮಂಗಳಸೂತ್ರ ಕಟ್ಟಿ, ಬಳೆ ತೊಡಿಸಿ ಬೆಂಕಿಗೆ ಒಪ್ಪಿಸುತ್ತಾರೆ. ಅವಳ ಹಟ, ಅವನ ವ್ರತ, ಊರಿನ ಒಪ್ಪಿಗೆ ಮೂರೂ ಎಳೆದಾಡುತ್ತಿರುವ ಕಥೆ ಇದು. ನನ್ನ ಕೈಗೆ ಬಂದ ಹಸ್ತಪ್ರತಿಯೊಂದರಲ್ಲಿ ಈಕೆ ಹಾಸ್ಟೆಲ್ ಮೆಟ್ಟಿಲ ಮೇಲೆ ಗೆಜ್ಜೆ ಸದ್ದು ಮಾಡುವ ದೆವ್ವವಾಗಿದ್ದಳು. ನನಗೆ ನೋವಾಯಿತು. ಯಾವ ದೆವ್ವದ ಹೆಸರು ಹಾಕಿದರೂ ಆ ಕಥೆ ನಡೆದುಬಿಡುತ್ತಿತ್ತು.

3. ವಿಶ್ವವಿದ್ಯಾಲಯ ಬರೀ ಕಟ್ಟಡವಾಗಬಾರದು. ಸಾಹಿತ್ಯ ವಿಭಾಗಕ್ಕೆ ಹೆಣ್ಣುಮಕ್ಕಳನ್ನು ಸೇರಿಸುವುದಿಲ್ಲವೆಂದು ರೀಡ್ ಅವರ ನಾಯಕಿ ಎಫಿ ವಾಸ್ತುಶಿಲ್ಪ ಓದುತ್ತಾಳೆ. ಆ ಸಿಟ್ಟೇ ಕಥೆಯನ್ನು ನಡೆಸುತ್ತದೆ. ಆದರೆ ಕಥೆ ಬೇಗ ಕಡಲಂಚಿನ ಪಾಳುಮನೆಗೆ ಹೊರಟುಹೋಗಿ ಕಾಲೇಜು ಮಸುಕಾಗುತ್ತದೆ, ಎರಡು ದೇಶಗಳ ಯುದ್ಧವೂ ಹಿನ್ನೆಲೆಯಲ್ಲೇ ಉಳಿಯುತ್ತದೆ. ಪುಸ್ತಕ ಸೋಲುವುದು ಇಲ್ಲೇ. ನಮ್ಮ ಕಾಲೇಜುಗಳ ಕಥೆ ಹಾಗೆ ಮಸುಕಾಗಬೇಕಿಲ್ಲ: ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಸೊಲ್ಲಾಪುರದ ಮರಾಠಿ ತರಗತಿಯ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತ ಹುಡುಗಿಗೆ ಕತ್ತಲನ್ನು ಬೇರೆಡೆಯಿಂದ ತರಬೇಕಿಲ್ಲ.

4. ಮಂಜು, ಗೋಪುರ ಬೇಡ. ನಮ್ಮ ಬಿಸಿಲೂ ಹೆದರಿಸಬಲ್ಲದು.

5. ಕಥೆ ಯಾರದು ಎಂದು ಕೇಳುವ ಕಾದಂಬರಿ ಗೆಲ್ಲುತ್ತದೆ. ಹೆಸರಾಂತ ಲೇಖಕನ ಕೃತಿ ನಿಜಕ್ಕೂ ಅವನದೇನಾ ಎಂಬ ಹುಡುಕಾಟವೇ ರೀಡ್ ಅವರ ಪುಸ್ತಕದ ಜೀವ. ನಮ್ಮಲ್ಲಿ ಬೀಸುಕಲ್ಲಿನ ಮುಂದೆ ತ್ರಿಪದಿ ಕಟ್ಟಿದ ಹೆಂಗಸರ ಹೆಸರು ಉಳಿಯಲಿಲ್ಲ. ಅದೇ ತ್ರಿಪದಿಯಲ್ಲಿ ಸಿದ್ಧರಾಮನ ಪುರಾಣ ಬರೆದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಆ ಪೀಠದಲ್ಲಿ ಕೂತ ಮೊದಲ ಮಹಿಳೆ. ಫ್ಯಾಂಟಸಿ ಬರೆಯುವವರು ಅವರನ್ನು ಮೊದಲು ಓದಲಿ. ಮನೆಯ ಅಜ್ಜಿಯಿಂದ ಕಥೆ ಪಡೆದಿದ್ದರೆ ಅವರನ್ನು ಕೇಳಿಯೇ ಅವರ ಹೆಸರು, ಊರು ಎರಡನ್ನೂ ಪುಸ್ತಕದ ಮೊದಲ ಪುಟದಲ್ಲಿ ಹಾಕಿ.