ತೊಗರಿ ದರದಿಂದ ಶುರು ಮಾಡಿ

ಜೇವರ್ಗಿಯಲ್ಲಿ ಪಿಯುಸಿವರೆಗೆ ಕನ್ನಡ ಮಾಧ್ಯಮದ ಕಲಾ ವಿಭಾಗ. ಈಗ ಆಳಂದ ತಾಲ್ಲೂಕು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಆನರ್ಸ್. ಎರಡನೇ ವರ್ಷಕ್ಕೆ ಬಂದು ಕಂಗೆಟ್ಟಿದ್ದೀರಿ. ಇಂಗ್ಲಿಷೇ ಅಡ್ಡಿ ಎಂದು ಬರೆದಿದ್ದೀರಲ್ಲ, ನನಗೆ ಹಾಗನ್ನಿಸುವುದಿಲ್ಲ. ತೊಡಕಿರುವುದು ಗಣಿತದಲ್ಲಿ. ಸದ್ಯಕ್ಕೆ ಹ್ಯಾಲ್ ವೇರಿಯನ್ ಅವರ ಸೂಕ್ಷ್ಮ ಅರ್ಥಶಾಸ್ತ್ರದ ಪಠ್ಯಪುಸ್ತಕ ಪಕ್ಕಕ್ಕಿಡಿ. ದ್ವಿತೀಯ ಪಿಯುಸಿ ಗಣಿತ ಪಠ್ಯದ ಅವಕಲನ ಮುಗಿಸಿ ಬನ್ನಿ. ವೇರಿಯನ್ ತಮ್ಮ ಕಲನಶಾಸ್ತ್ರವನ್ನೆಲ್ಲ ಅಧ್ಯಾಯಗಳ ಅನುಬಂಧಕ್ಕೆ ತಳ್ಳಿದ್ದಾರೆ. ಆಮೇಲೆ ಅವೂ ಅರ್ಥವಾಗುತ್ತವೆ.

ಅರ್ಥಶಾಸ್ತ್ರದಲ್ಲಿ ಗಣಿತ ಹೇಗೆ ಬಳಕೆಯಾಗುತ್ತದೆ ಎಂಬುದರ ಉದಾಹರಣೆಗೆ ದೂರ ಹೋಗಬೇಕಿಲ್ಲ. ರಾಶಿ ಮುಗಿದು ಆಳಂದ, ಅಫಜಲಪುರದ ತೊಗರಿ ಕಲಬುರಗಿ ಎಪಿಎಂಸಿಗೆ ಒಮ್ಮೆಲೇ ನುಗ್ಗಿದಾಗ ದರ ಇಳಿಯುತ್ತದೆ. ಆ ದರ ನೋಡಿ ರೈತರು ಮುಂದಿನ ಮುಂಗಾರಿಗೆ ಎಷ್ಟು ಎಕರೆ ಬಿತ್ತಬೇಕೆಂದು ನಿರ್ಧರಿಸುತ್ತಾರೆ. ನಿಮ್ಮ ಪಠ್ಯದ ಕಾಬ್‌ವೆಬ್ ಮಾದರಿ ಇದೇ. ದರ ಬದಲಾದಾಗ ಬೇಡಿಕೆಗಿಂತ ಪೂರೈಕೆ ಹೆಚ್ಚು ಸ್ಪಂದಿಸಿದರೆ ಏರಿಳಿತ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ, ಕಡಿಮೆ ಸ್ಪಂದಿಸಿದರೆ ಸಮತೋಲನದತ್ತ ಕುಗ್ಗುತ್ತದೆ. ಬೇಡಿಕೆಗೊಂದು, ಪೂರೈಕೆಗೊಂದು ಸರಳರೇಖೆಯ ಸಮೀಕರಣ ಬರೆದು, ಐದಾರು ವರ್ಷದ ದರ ಕೈಯಲ್ಲೇ ಲೆಕ್ಕ ಹಾಕಿ, ಚಿತ್ರ ಬಿಡಿಸಿ. ನಂತರ ಬೆಂಬಲ ಬೆಲೆ ಸೇರಿಸಿ ಮತ್ತೊಮ್ಮೆ ಮಾಡಿ. ಸಿಕ್ಕಿಕೊಂಡರೆ ಆ ಹಾಳೆ ಹಿಡಿದೇ ಮೇಷ್ಟ್ರ ಬಳಿ ಹೋಗಿ. ಖಾಲಿ ಕೈಯಲ್ಲಿ ಹೋಗಿ ‘ಏನೂ ತಿಳಿಯಲಿಲ್ಲ ಸರ್’ ಅಂದರೆ ಅವರಾದರೂ ಏನು ಹೇಳಿಯಾರು?